ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ನಡೆಯಿಸುವ ಕ್ರಮ

ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳಲ್ಲಿ ಕಬ್ಬಿನ ಕಟಾವು ಮೊದಲಾಯಿತೆಂದರೆ ಹಗಲಿರುಳೆನ್ನದೆ ಟ್ರೇಲರುಗಳು ಕಾರ್ಖಾನೆಯ ಕಡೆಗೆ ಸಾಗುವುದು ಸರ್ವವಿದಿತವಾದ ವಿಷಯ. ಎತ್ತಿನ ಗಾಡಿಯ ಕೆಲಸವನ್ನು ಈ ಯಂತ್ರವು ಬಹುಮಟ್ಟಿಗೆ ವಹಿಸಿಕೊಂಡಿದೆಯಾದರೂ, ಗಾಡಿಯ ವಿಷಯದಲ್ಲಿ ಹಿರಿಯರಿಗಿದ್ದ ಎಚ್ಚರವು ಟ್ರೇಲರಿನ ವಿಷಯದಲ್ಲಿ ಅನೇಕರಿಗೆ ಇನ್ನೂ ಬಂದಿರುವುದಿಲ್ಲ. ಇದರಿಂದಾಗುವ ನಷ್ಟವು ಹಣದ್ದು ಮಾತ್ರವಲ್ಲ, ಪ್ರಾಣದ್ದೂ ಹೌದು.

ಹೊರೆ:— ಗಾಡಿಯಲ್ಲಿ ಹಿಂಭಾರವಾದರೆ ನೊಗವು ಮೇಲಕ್ಕೇಳುವುದನ್ನೂ, ಮುಂಭಾರವಾದರೆ ಎತ್ತುಗಳ ಹೆಗಲು ಕುಸಿಯುವುದನ್ನೂ ರೈತರೆಲ್ಲರೂ ಬಲ್ಲರು. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯವು ಸಲ್ಲುವುದು. ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ನೆಲದ ಹಿಡಿತವು ತಪ್ಪುವುದು. ಮುಂಭಾರವು ಮಿತಿಮೀರಿದರೆ ಮುಂದಿನ ಗಾಲಿಗಳು ಹಗುರವಾಗಿ ಸ್ಟೀರಿಂಗು ಹಿಡಿತಕ್ಕೆ ಬಾರದು. ಆದುದರಿಂದ ಹೊರೆಯನ್ನು ಸಮನಾಗಿ ಹರಡಿ ಹಗ್ಗದಿಂದ ಬಿಗಿಯತಕ್ಕದ್ದು. ಅತಿ ಎತ್ತರವಾಗಿ ಪೇರಿಸಿದ ಕಬ್ಬು ತಿರುವಿನಲ್ಲಿ ಟ್ರೇಲರನ್ನೇ ಉರುಳಿಸಬಲ್ಲುದು.

ಕೊಂಡಿ:— ಟ್ರೇಲರನ್ನು ಎಳೆಯುವುದಕ್ಕೆಂದೇ ಮಾಡಿದ ಕೊಂಡಿಗೆ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ, ಏರಿನಲ್ಲಿ ಮುಂಭಾಗವು ಮೇಲೆದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚುವ ಭಯವುಂಟು. ಕೊಂಡಿಯ ಗೂಟಕ್ಕೆ ತಪ್ಪದೆ ಕಡಾಣಿಯನ್ನು ಹಾಕಿ, ಜೊತೆಗೊಂದು ಸರಪಳಿಯನ್ನೂ ಬಿಗಿಯಬೇಕು.

ಬ್ರೇಕು:— ಹೊಲದಲ್ಲಿ ತಿರುಗುವಾಗ ಎಡಬಲದ ಬ್ರೇಕುಗಳನ್ನು ಬೇರೆಬೇರೆಯಾಗಿ ಒತ್ತುವುದುಂಟು. ರಸ್ತೆಗೆ ಬರುವ ಮೊದಲೇ ಎರಡು ಪೆಡಲುಗಳನ್ನೂ ಕೂಡಿಸಿ ಅಗುಳಿ ಹಾಕತಕ್ಕದ್ದು. ಸ್ವಂತ ಬ್ರೇಕಿಲ್ಲದ ಟ್ರೇಲರು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹಿಂದಿನಿಂದ ದೂಡಿ ಅಡ್ಡಕ್ಕೆ ತಿರುಗಿಸಿಬಿಡುವುದು. ಆದುದರಿಂದ ಇಳಿಯುವುದಕ್ಕೆ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲು ಉಳಿಯುವುದೆಂದು ನ್ಯೂಟ್ರಲಿನಲ್ಲಿ ಬಿಡುವುದೂ, ಕ್ಲಚ್ಚನ್ನು ಒತ್ತಿಕೊಂಡೇ ಇಳಿಯುವುದೂ ಸಲ್ಲದು. ವೇಗವು ಇಮ್ಮಡಿಯಾದರೆ, ಬ್ರೇಕು ಒತ್ತಿದ ಮೇಲೆ ಓಡುವ ದೂರವು ಸುಮಾರು ನಾಲ್ಮಡಿಯಾಗುವುದೆಂಬುದನ್ನು ಚಾಲಕರಿಗೆ ತಿಳಿಯಹೇಳಬೇಕು.

ರಾತ್ರಿಯ ಸಂಚಾರ:— ಟ್ರೇಲರಿನ ಹಿಂಭಾಗದಲ್ಲಿ ಕೆಂಪು ದೀಪವೂ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯೂ ಇರಲೇಬೇಕು. ಜೋತುಬಿದ್ದ ಗರಿಯು ಇವನ್ನು ಮರೆಮಾಡಕೂಡದು. ಕೆಟ್ಟು ನಿಂತ ಟ್ರೇಲರನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸಬೇಕು. ಗಾಲಿಗೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆದುಹಾಕದಿದ್ದರೆ, ಕತ್ತಲಲ್ಲಿ ಬರುವ ಬೈಸಿಕಲ್ಲಿನವನಿಗೂ ಮೋಟಾರು ಸೈಕಲ್ಲಿನವನಿಗೂ ಅವೇ ಮೃತ್ಯುವಾಗುವುವು.

ಜನರ ಸಾಗಣೆ:— ಕೂಲಿಯವರನ್ನು ಹೊರೆಯ ಮೇಲೆಯೂ, ಟ್ರೇಲರಿನ ಮೂಕಿಯ ಮೇಲೆಯೂ, ಮಡ್‌ಗಾರ್ಡಿನ ಮೇಲೆಯೂ ಕೂರಿಸುವ ರೂಢಿಯನ್ನು ಬಿಡಿಸಬೇಕು. ಮೂಕಿಯಿಂದ ಜಾರಿದವನು ನೇರವಾಗಿ ಟ್ರೇಲರಿನ ಗಾಲಿಯ ಅಡಿಗೇ ಬೀಳುವನು. ಅವನ ಸಂಸಾರಕ್ಕೆ ಉತ್ತರ ಹೇಳಬೇಕಾದವರು ಟ್ರ್ಯಾಕ್ಟರಿನ ಯಜಮಾನರೇ.

ಕಾಯಿದೆ:— 1988ನೆಯ ಇಸವಿಯ ಮೋಟಾರು ವಾಹನ ಕಾಯಿದೆಯ ಮೇರೆಗೆ ಲೈಸೆನ್ಸು ಇಲ್ಲದವನ ಕೈಗೆ ವಾಹನವನ್ನು ಕೊಡುವುದು ಯಜಮಾನನ ಅಪರಾಧವೇ ಆಗುವುದು. 2019ರ ತಿದ್ದುಪಡಿಯಂತೆ ಮಿತಿಮೀರಿದ ಹೊರೆಗೆ 20,000 ರೂಪಾಯಿಯೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ದಂಡವುಂಟು. 18 ವರ್ಷ ತುಂಬದ ಹುಡುಗನು ನಡೆಯಿಸಿ ಅಪರಾಧವಾದರೆ, ಪೋಷಕನಿಗೆ ಅಥವಾ ಯಜಮಾನನಿಗೆ 3 ವರ್ಷಗಳವರೆಗೆ ಸೆರೆಮನೆಯೂ 25,000 ರೂಪಾಯಿ ದಂಡವೂ ವಿಧಿಸಲ್ಪಡಬಹುದು.

ಕಟಾವಿಗೆ ಮೊದಲು ಗ್ರಾಮದ ಮುಖಂಡರು ಚಾಲಕರನ್ನೆಲ್ಲ ಒಂದೆಡೆ ಸೇರಿಸಿ, ಕೊಂಡಿ, ಕಡಾಣಿ, ಬ್ರೇಕು, ಟಯರು, ದೀಪಗಳನ್ನು ತಮ್ಮೆದುರಿನಲ್ಲಿಯೇ ಪರೀಕ್ಷೆ ಮಾಡಿಸುವುದು ಉಚಿತ. ಇದಕ್ಕೆ ತಗಲುವುದು ಒಂದು ಬೆಳಗಿನ ವೇಳೆ ಮಾತ್ರ. ಊರಿನ ಹಿತವನ್ನು ಬಯಸುವ ಮಹನೀಯರು ಈ ಕಾರ್ಯವನ್ನು ಈ ಸುಗ್ಗಿಯಿಂದಲೇ ಕೈಕೊಳ್ಳುವರೆಂದು ನಂಬಿದ್ದೇವೆ.