ಮಳೆಗಾಲಕ್ಕೆ ಮುನ್ನ ಊರಿನ ಸಿದ್ಧತೆ

ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲೇ ಮಾಡು ಸರಿಪಡಿಸಿ, ಸೌದೆ ಒಳಸೇರಿಸಿ, ತೋಟದ ಕಣಿಗಳ ಹೂಳು ತೆಗೆಯುವುದು ನಮ್ಮ ಹಿರಿಯರ ಪದ್ಧತಿ. ಒಂದೊಂದು ಮನೆಯವರು ತಮ್ಮಷ್ಟಕ್ಕೆ ಮಾಡುತ್ತ ಬಂದ ಈ ಸಿದ್ಧತೆಯನ್ನು ಇಡೀ ಊರಿಗಾಗಿ ಲೆಕ್ಕಹಾಕಿ, ಬರೆದಿಟ್ಟು ಮಾಡುವುದೇ ಪಂಚಾಯತಿನ ವಿಪತ್ತು ನಿರ್ವಹಣಾ ಯೋಜನೆ.

ನಮ್ಮ ದೇಶದಲ್ಲಿ ಇದಕ್ಕೆ ಆಧಾರವಾದುದು 2005ರ ವಿಪತ್ತು ನಿರ್ವಹಣಾ ಕಾನೂನು. ಅದರಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. 2018ರ ಆಗಸ್ಟಿನ ನೆರೆಯಲ್ಲಿ ಕೇರಳದಲ್ಲಿ 400ಕ್ಕೂ ಮಿಕ್ಕಿ ಜನರು ಪ್ರಾಣ ಕಳೆದುಕೊಂಡರು. ಆ ಬಳಿಕ 2020ರಲ್ಲಿ ‘ನಮ್ಮಳ್ ನಮುಕ್ಕಾಯಿ’, ಅಂದರೆ ‘ನಾವು ನಮಗಾಗಿ’, ಎಂಬ ಹೆಸರಿನಲ್ಲಿ ರಾಜ್ಯದ ಗ್ರಾಮ ಪಂಚಾಯತು ಮತ್ತು ನಗರಸಭೆಗಳು ತಮ್ಮ ತಮ್ಮ ಯೋಜನೆಗಳನ್ನು ತಯಾರಿಸಲು ತೊಡಗಿದವು.

ಇಂಥ ಯೋಜನೆಯಲ್ಲಿ ಏನೇನಿರಬೇಕು? ಮೊದಲನೆಯದು ಅಪಾಯದ ನಕ್ಷೆ. ಶಿರಿಯ, ಚಂದ್ರಗಿರಿ ಹೊಳೆಗಳ ನೀರು ಏರಿದರೆ ಯಾವ ಮನೆಗಳಿಗೆ ನುಗ್ಗುತ್ತದೆ, ಯಾವ ಬರೆ ಜರಿಯಬಹುದು, ಎಲ್ಲಿ ಕಡಲು ದಡವನ್ನು ಕೊರೆಯುತ್ತಿದೆ ಎಂಬುದು ಅದರಲ್ಲಿ ಕಾಣಬೇಕು. ಎರಡನೆಯದು ಜನರ ಪಟ್ಟಿ: ಹಾಸಿಗೆ ಹಿಡಿದವರು, ಗರ್ಭಿಣಿಯರು, ಒಂಟಿಯಾಗಿರುವ ವೃದ್ಧರು. ಮೂರನೆಯದು ಸಾಧನಗಳ ಪಟ್ಟಿ: ದೋಣಿ, ಹಗ್ಗ, ಮರ ಕೊಯ್ಯುವ ಯಂತ್ರ, ಜೀಪು. ನಾಲ್ಕನೆಯದು ಆಶ್ರಯಸ್ಥಾನ ಮತ್ತು ಅಲ್ಲಿಗೆ ಹೋಗುವ ದಾರಿ. ಆ ದಾರಿಯೇ ನೀರಲ್ಲಿ ಮುಳುಗುವುದಾದರೆ ಬೇರೆ ದಾರಿ ಯಾವುದೆಂದೂ ಬರೆದಿರಬೇಕು.

ಅಪಾಯ ಬಾರದಂತೆ ತಡೆಯುವುದೂ ಯೋಜನೆಯ ಭಾಗವೇ. ಮನೆ ಕಟ್ಟಲು ಪರವಾನಿಗೆ ಕೊಡುವುದು ಪಂಚಾಯತು. ಗುಡ್ಡವನ್ನು ಕಡಿದಾಗಿ ಅಗೆದು ಅದರ ಬುಡದಲ್ಲೇ ಮನೆ ಕಟ್ಟಿದರೆ, ತೋಡನ್ನು ಒತ್ತಿ ಗೋಡೆ ಎಬ್ಬಿಸಿದರೆ, ಮಳೆಗಾಲದಲ್ಲಿ ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಇನ್ನು ಮುನ್ಸೂಚನೆಯ ವಿಷಯ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಎಚ್ಚರಿಕೆ ಕೊಡುತ್ತದೆ. 24 ಗಂಟೆಗಳಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ಬರಬಹುದೆಂದಾದರೆ ಕೆಂಪು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಅಷ್ಟು ಮಳೆ ಸುರಿದರೆ ಹತ್ತು ಸೆಂಟ್ಸ್ ಜಾಗದ ಮೇಲೆ ಬೀಳುವ ನೀರು 80,000 ಲೀಟರಿಗೂ ಅಧಿಕ. ಅದು ಹರಿದುಹೋಗಲು ಕಣಿ ಬೇಡವೇ?

2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಜರಿದದ್ದು ಜನರು ಮಲಗಿದ್ದ ಹೊತ್ತಿನಲ್ಲಿ. 200ಕ್ಕೂ ಹೆಚ್ಚು ಮಂದಿ ತೀರಿಹೋದರು. ಕತ್ತಲೆಯಲ್ಲಿ, ಕರೆಂಟು ಇಲ್ಲದಾಗ ಎಲ್ಲಿಗೆ ಹೋಗುವುದೆಂದು ಚರ್ಚಿಸಲು ಸಮಯವಿರುವುದಿಲ್ಲ. ಅಪಾಯದ ಜಾಗದಲ್ಲಿರುವವರು ಹಗಲಿನಲ್ಲೇ ಹೊರಡಬೇಕು. ಎಲ್ಲಿಗೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಗಡಿನಾಡಿನ ನಮಗೆ ಇನ್ನೊಂದು ಕೆಲಸವೂ ಇದೆ. ಎಚ್ಚರಿಕೆ ಮಲಯಾಳದಲ್ಲಿ ಮಾತ್ರ ಬಂದರೆ, ಕನ್ನಡ, ತುಳು ಮಾತ್ರ ಬಲ್ಲ ಅಜ್ಜ ಅಜ್ಜಿಯರಿಗೆ ಅದು ತಲುಪಿದಂತಾಗದು. ಎರಡು ಭಾಷೆಗಳನ್ನೂ ಓದಬಲ್ಲ ಮಕ್ಕಳು ಮನೆಯಲ್ಲಿಯೂ ನೆರೆಮನೆಯಲ್ಲಿಯೂ ಅದನ್ನು ತಿಳಿಸಿ ಹೇಳಬೇಕು. ಕನ್ನಡದಲ್ಲೂ ಎಚ್ಚರಿಕೆ ಕೊಡಬೇಕೆಂದು ಹೆತ್ತವರು ಗ್ರಾಮಸಭೆಯಲ್ಲಿ ಕೇಳಬೇಕು. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದರಂತೆ ಇದೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂಬುದು ನಿಯಮ.

ಯಾವ ತೋಡು ಯಾವ ಮಳೆಗೆ ಉಕ್ಕುತ್ತದೆ, ಯಾರ ಮನೆಯಲ್ಲಿ ಎದ್ದು ನಡೆಯಲಾರದವರಿದ್ದಾರೆ ಎಂಬುದು ಕಚೇರಿಯ ಕಡತಕ್ಕಿಂತ ಮೊದಲು ನೆರೆಹೊರೆಗೆ ಗೊತ್ತು. ಅದನ್ನು ನಾವು ಹೇಳದೆ ಇದ್ದರೆ ಯೋಜನೆಯಲ್ಲಿ ಆ ಮನೆ ಇರುವುದಿಲ್ಲ. ಆದುದರಿಂದ ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಹೋಗಿ, ನಮ್ಮ ವಾರ್ಡಿನ ಯೋಜನೆಯನ್ನು ಓದಿಸಿ ಕೇಳೋಣ. ಬಿಟ್ಟುಹೋದ ಹೆಸರುಗಳನ್ನು ಸೇರಿಸೋಣ. ಜಿಲ್ಲಾ ತುರ್ತು ಕೇಂದ್ರದ ದೂರವಾಣಿ 1077 ಎಂಬುದನ್ನು ಮಕ್ಕಳು ಇಂದೇ ಮನೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಲಿ.