ಉಕ್ಕಿನ ಹದ

ಹೊಸೂರಿನ ಕಾರ್ಖಾನೆಗಳಲ್ಲಿ ಗಡಿಯಾರದಿಂದ ಹಿಡಿದು ಲಾರಿಯವರೆಗೆ ಏನೆಲ್ಲ ಸಿದ್ಧವಾಗುತ್ತದೆಂಬುದನ್ನು ಈ ಸೀಮೆಯವರೆಲ್ಲ ಬಲ್ಲರು. ಆ ವಸ್ತುಗಳಿಗೆ ರೂಪ ಕೊಡುವ ಡೈ, ಪಂಚು, ಅಲಗುಗಳ ಸಂಗತಿಯನ್ನು ಬಲ್ಲವರು ವಿರಳ. ತಗಡನ್ನು ಕತ್ತರಿಸುವ ಪಂಚು ತಗಡಿಗಿಂತ ಬಹಳ ಗಡುಸಾಗಿರಬೇಕು. ಆದರೆ ಪೆಟ್ಟು ಬಿದ್ದೊಡನೆ ಗಾಜಿನಂತೆ ಸಿಡಿಯಬಾರದು. ಪರಸ್ಪರ ವಿರುದ್ಧವಾದ ಈ ಎರಡು ಗುಣಗಳ ನಡುವೆ ರಾಜಿ ಮಾಡಿಸುವ ವಿದ್ಯೆಯೇ ಉಪಕರಣ ಉಕ್ಕಿನ ಶಾಖಸಂಸ್ಕಾರ. ನಮ್ಮ ಕಮ್ಮಾರರು ಅದನ್ನು ‘ಹದ’ ಎಂದರು. ಇದಕ್ಕಿಂತ ಉತ್ತಮವಾದ ಪಾರಿಭಾಷಿಕ ಪದವನ್ನು ಯಾವ ಸಮಿತಿಯೂ ಕೊಡಲಾರದು.

ಈ ವಿದ್ಯೆ ನಮಗೆ ಹೊಸತಲ್ಲ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ‘ವೂಟ್ಸ್’ ಎಂಬ ಭಾರತೀಯ ಉಕ್ಕಿನ ಕುರಿತು ಪ್ರಬಂಧ ಮಂಡಿಸಿದನು. ಆ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನೂ ಕಟ್ಟಿಗೆ, ಎಲೆಗಳನ್ನೂ ಇಟ್ಟು ಮುಚ್ಚಿ ಕಾಸುವ ಆ ಕ್ರಮದ ತಿರುಳು ಒಂದೇ: ಕಬ್ಬಿಣಕ್ಕೆ ಇಂಗಾಲವನ್ನು ಉಣಿಸುವುದು.

ಇಂಗಾಲವೇ ಇಲ್ಲಿಯ ಮುಖ್ಯ ಪಾತ್ರಧಾರಿ. ಸುಮಾರು 727 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಬ್ಬಿಣವು ತನ್ನೊಳಗೆ ಇಂಗಾಲವನ್ನು ಕರಗಿಸಿಕೊಳ್ಳುವುದು ಅತ್ಯಲ್ಪ. ಅದನ್ನು ಮೀರಿ ಕಾಸಿದಾಗ ಪರಮಾಣುಗಳ ಜೋಡಣೆ ಬದಲಾಗಿ ಆಸ್ಟೆನೈಟ್ ಎಂಬ ರೂಪ ತಾಳುತ್ತದೆ. ಇಂಗಾಲ ಅದರಲ್ಲಿ ಧಾರಾಳವಾಗಿ ಕರಗುತ್ತದೆ. ನಿಧಾನವಾಗಿ ಆರಿಸಿದರೆ ಇಂಗಾಲ ಹೊರಬಿದ್ದು ಉಕ್ಕು ಮೆದುವಾಗುವುದು. ತಟ್ಟನೆ ತಣಿಸಿದರೆ ಅದಕ್ಕೆ ಹೊರಬೀಳಲು ಅವಕಾಶವಿಲ್ಲ. ಸಿಕ್ಕಿಬಿದ್ದ ಇಂಗಾಲವು ಜೋಡಣೆಯನ್ನೇ ಸೆಟೆಸಿಬಿಡುತ್ತದೆ. ಈ ಸೆಟೆದ ರೂಪಕ್ಕೆ ಅಡಾಲ್ಫ್ ಮಾರ್ಟೆನ್ಸ್ ಎಂಬ ಜರ್ಮನ್ ತಜ್ಞನ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುವರು. ಇದು ಅತಿ ಗಡುಸು, ಅಷ್ಟೇ ಪೆಡಸು. ಜೊತೆಗೆ ಗಾತ್ರವೂ ತುಸು ಹಿಗ್ಗುವುದರಿಂದ ತುಂಡಿನ ಒಳಗೆ ಅಪಾರ ಒತ್ತಡ ಅಡಗಿರುತ್ತದೆ.

ಎಲ್ಲ ಉಕ್ಕಿಗೂ ಒಂದೇ ಕಾವು ಸಲ್ಲದು. ಎಣ್ಣೆಯಲ್ಲಿ ತಣಿಸುವ ಓ.ಎಚ್.ಎನ್.ಎಸ್. ಉಕ್ಕಿಗೆ ಸುಮಾರು 800 ಡಿಗ್ರಿ ಸಾಕು. 1.5 ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ ಇರುವ ಡಿ-2 ಉಕ್ಕಿಗೆ ಸಾವಿರಕ್ಕೂ ಮೀರಿದ ಕಾವು ಬೇಕು. ಅದು ಗಾಳಿಯಲ್ಲಿಯೇ ಗಡುಸಾಗುವುದು. ಬಿಸಿ ಲೋಹವನ್ನು ಎರಕ ಹೊಯ್ಯುವ ಡೈಗಳ ಎಚ್-13 ಉಕ್ಕಿಗೆ ಗಡುಸಿಗಿಂತ ತಾಳಿಕೆಯೇ ಮುಖ್ಯ. ಟೇಲರ್ ಮತ್ತು ವೈಟ್ ಎಂಬ ಅಮೆರಿಕದ ಇಬ್ಬರು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತಮ್ಮ ಟಂಗ್‌ಸ್ಟನ್ ಉಕ್ಕಿನ ಉಳಿಯ ಮೊನೆ ಕೆಂಪಗೆ ಕಾದಾಗಲೂ ಹರಿತ ಬಿಡದೆ ಲೋಹ ಕೊರೆಯುವುದನ್ನು ತೋರಿಸಿದರು. ಆ ವಂಶದ ಇಂದಿನ ಹೈಸ್ಪೀಡ್ ಉಕ್ಕಿಗೆ 1200 ಡಿಗ್ರಿಯ ಆಸುಪಾಸಿನ ಕಾವು ಬೇಕಾಗುತ್ತದೆ.

ಅಯಸ್ಕಾಂತ ಅಂಟದಿದ್ದರೆ ಕಾವು ಸಾಕಾಯಿತೆಂಬ ಹಳೆಯ ನಂಬಿಕೆಯೊಂದುಂಟು. ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಒಲಿಯುವುದನ್ನು ಬಿಡುತ್ತದೆ, ನಿಜ. ಉಳಿ, ಕುಡುಗೋಲುಗಳ ಸಾದಾ ಇಂಗಾಲದ ಉಕ್ಕಿಗೆ ಅದು ಒಳ್ಳೆಯ ಗುರುತೇ. ಡಿ-2 ಉಕ್ಕಿಗೆ ಅದನ್ನೇ ನಂಬಿದವನ ಡೈ ಮೊದಲ ವಾರದಲ್ಲೇ ಮೊಂಡಾಗುವುದು.

ಇನ್ನು ಹದಕ್ಕೆ ಬರೋಣ. ತಣಿಸಿದ ತುಂಡು ಸುಮಾರು 60 ಡಿಗ್ರಿಗೆ ಇಳಿದೊಡನೆ ಅದನ್ನು ಮತ್ತೆ ಮಿತವಾಗಿ ಕಾಸಬೇಕು. ಓ.ಎಚ್.ಎನ್.ಎಸ್. ಉಕ್ಕಿಗೆ 200 ಡಿಗ್ರಿಯ ಆಸುಪಾಸು. ಹೈಸ್ಪೀಡ್ ಉಕ್ಕಿಗೆ 550ರ ಸಮೀಪ, ಅದೂ ಮೂರು ಸಲ, ಪ್ರತಿ ಸಲವೂ ಪೂರಾ ಆರಿದ ಮೇಲೆ. ಸಣ್ಣ ಕಮ್ಮಟಗಳಲ್ಲಿ ಎಡವುವುದು ಇಲ್ಲಿಯೇ. ಪಾಳಿ ಮುಗಿಯಿತೆಂದು ತುಂಡನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ತಾನಾಗಿಯೇ ಬಿರಿದಿರಬಹುದು. ವಾರಗಟ್ಟಲೆ ಯಂತ್ರದ ಮೇಲೆ ದುಡಿದ ಕೆಲಸ ಹಾಗೆ ಗುಜರಿಗೆ ಹೋಗುವುದು. ಬಿರಿಯದೆ ಉಳಿದದ್ದು ಇನ್ನೂ ಅಪಾಯಕಾರಿ: ಹದವಿಲ್ಲದ ಪಂಚು ಪ್ರೆಸ್ಸಿನಡಿ ಸಿಡಿದರೆ ಅದರ ಚೂರು ಹಾರುವುದು ಎದುರಿಗೆ ನಿಂತವನ ಕಣ್ಣಿಗೆ. ವಿದ್ಯುತ್ತಿನ ಉಳಿತಾಯಕ್ಕಾಗಿ ಈ ಎರಡು ಗಂಟೆಗಳನ್ನು ಕತ್ತರಿಸುವ ಮಾಲೀಕನ ಲೆಕ್ಕಾಚಾರ ನನಗಂತೂ ಅರ್ಥವಾಗದು. ಉಪ್ಪಿನ ಕುಲುಮೆಯಲ್ಲಿ ಮತ್ತೊಂದು ಎಚ್ಚರ ಬೇಕು. ಕರಗಿದ ಉಪ್ಪಿಗೆ ಒದ್ದೆ ತುಂಡನ್ನು ಇಳಿಸಿದರೆ ನೀರು ಕ್ಷಣದಲ್ಲಿ ಆವಿಯಾಗಿ ಸುಡುವ ಉಪ್ಪನ್ನು ಮೈಮೇಲೆ ಎರಚುತ್ತದೆ. ಕಾವು, ವೇಳೆ, ಎಚ್ಚರಿಕೆಗಳನ್ನು ಕೆಲಸಗಾರ ಓದಬಲ್ಲ ನುಡಿಯಲ್ಲಿ, ಕನ್ನಡವೋ ತಮಿಳೋ ತೆಲುಗೋ, ಕುಲುಮೆಯ ಪಕ್ಕದಲ್ಲಿ ಬರೆದು ತೂಗುಹಾಕುವುದಕ್ಕೆ ಖರ್ಚೇನೂ ಇಲ್ಲ.

ದೋಷ ಕೆಲವೊಮ್ಮೆ ಕುಲುಮೆಗೆ ಬರುವ ಮೊದಲೇ ನಕ್ಷೆಯಲ್ಲಿ ಹುಟ್ಟಿರುತ್ತದೆ. ಚೂಪಾದ ಒಳಮೂಲೆಯಲ್ಲಿ ಒತ್ತಡ ಶೇಖರವಾಗಿ ಬಿರುಕು ಅಲ್ಲಿಂದಲೇ ಹೊರಡುವುದು. ಮೂಲೆಯನ್ನು ಚೂರು ದುಂಡಗೆ ಮಾಡಿದರೆ ಸಾಕು. ಕುಲುಮೆಯ ನಂತರವೂ ನಿಶ್ಚಿಂತೆಯಿಲ್ಲ. ಸಾಣೆಚಕ್ರವನ್ನು ಬಲವಾಗಿ ಒತ್ತಿದರೆ ಮೇಲ್ಪದರ ಮತ್ತೆ ಕಾದು ಕೂದಲೆಳೆಯ ಬಿರುಕುಗಳು ಮೂಡುತ್ತವೆ. ವಿದ್ಯುತ್ ಕಿಡಿಯಿಂದ ಕೊರೆದ ಡೈಯ ಮೈಮೇಲೆಯೂ ಪೆಡಸಾದ ತೆಳುಪದರ ನಿಲ್ಲುತ್ತದೆ. ಅದನ್ನು ಉಜ್ಜಿ ತೆಗೆದು, ಹಿಂದಿನ ಹದಕ್ಕಿಂತ 15ರಿಂದ 25 ಡಿಗ್ರಿ ಕಡಿಮೆ ಕಾವಿನಲ್ಲಿ ಇನ್ನೊಮ್ಮೆ ಕಾಸಿದ ಮೇಲೆಯೇ ಡೈಯನ್ನು ಪ್ರೆಸ್ಸಿಗೆ ಏರಿಸಬೇಕು.