ಅಳೆದು ತುಂಬಿದ ಮದ್ದು

ಶೀಳನೆರೆ, ಕಿಕ್ಕೇರಿ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬರುವವರು ರಂಗನಾಥನ ದರ್ಶನ ಮಾಡುತ್ತಾರೆ, ದರಿಯಾ ದೌಲತ್ ನೋಡುತ್ತಾರೆ, ನಿಮಿಷಾಂಬೆಗೆ ಕೈಮುಗಿದು ಊರಿಗೆ ಹೊರಡುತ್ತಾರೆ. ರೈಲು ನಿಲ್ದಾಣದ ಬಳಿಯ ಮದ್ದಿನ ಮನೆಯತ್ತ ತಿರುಗುವವರು ಕಡಿಮೆ. ಟಿಪ್ಪು ಕಾಲದ ಈ ಇಟ್ಟಿಗೆ-ಗಾರೆ ಕಟ್ಟಡ ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಬಂದಾಗ, 2017ರಲ್ಲಿ ರೈಲ್ವೆಯವರು ಅದನ್ನು ಒಡೆಯಲಿಲ್ಲ. ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಬುಡದಿಂದ ಬಿಡಿಸಿ, ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಇಡಿಯಾಗಿ ಸರಿಸಿದರು. ಆ ಸಾಹಸ ದೊಡ್ಡ ಸುದ್ದಿಯಾಯಿತು. ಆ ಗೋಡೆಗಳೊಳಗೆ ಏನಿತ್ತು, ಹಾಗೆ ಯಾಕೆ ಕಟ್ಟಿದರು ಎಂಬ ಮಾತು ಮಾತ್ರ ಹಿಂದೆ ಉಳಿಯಿತು.

ಕೋವಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಅದಕ್ಕೆ ಎರಡೇ ಭಯ: ಒಂದು ಕಿಡಿ, ಇನ್ನೊಂದು ತೇವ. ಸುತ್ತ ಕಾವೇರಿ ಹರಿಯುವ ದ್ವೀಪದಲ್ಲಿ ಎರಡನೆಯದೂ ಸಣ್ಣ ಭಯವಲ್ಲ. ಕಟ್ಟಿದ ಕಾಲದಲ್ಲಿ ಮದ್ದಿನ ಮನೆಯ ಅರ್ಧ ಭಾಗ ನೆಲದೊಳಗಿತ್ತು, ಗೋಡೆ ಬಲು ದಪ್ಪ. ಇಂಥ ಮನೆ ಒಂದೇ ಅಲ್ಲ, ದ್ವೀಪದ ಉದ್ದಕ್ಕೂ ಹಲವು ಕಡೆ ಇವೆ. ಇದ್ದ ಮದ್ದನ್ನೆಲ್ಲ ಒಂದೇ ಕಡೆ ರಾಶಿ ಹಾಕಿದರೆ ಒಂದೇ ಗುಂಡಿಗೆ ಎಲ್ಲ ಹೋಗುತ್ತದೆ. 1799ರ ಮೇ 2ರಂದು ಮುತ್ತಿಗೆ ಹಾಕಿದ್ದ ಇಂಗ್ಲಿಷರ ಗುಂಡೊಂದು ಇಲ್ಲಿಯ ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ಬಿದ್ದು ಅದು ಸಿಡಿದುಹೋಯಿತು. ಅದಾದ ಎರಡೇ ದಿನಕ್ಕೆ, ಮೇ 4ರಂದು, ಕೋಟೆ ಬಿತ್ತು.

ಉಗ್ರಾಣದಿಂದ ಹೊರಬಂದ ಮದ್ದು ಫಿರಂಗಿಯ ಬಾಯಿ ಸೇರುವವರೆಗಿನ ಕೆಲಸವೇ ಮದ್ದಿನ ಕಸುಬಿನ ತಿರುಳು. ಹಳೆಯ ಗೋಲಂದಾಜರ, ಅಂದರೆ ಫಿರಂಗಿ ಹಾರಿಸುವವರ, ಕೈಯಲ್ಲಿ ಉದ್ದನೆಯ ಮರದ ಹಿಡಿಯ ಸೌಟೊಂದು ಇರುತ್ತಿತ್ತು. ತುದಿಯ ಬಟ್ಟಲು ತಾಮ್ರದ್ದು, ಏಕೆಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ ಹಾರುತ್ತದೆ, ತಾಮ್ರ ಹಾರಿಸುವುದಿಲ್ಲ. ಬಟ್ಟಲಿನ ಅಳತೆಯನ್ನು ಆಯಾ ಫಿರಂಗಿಗೆ ಹೊಂದಿಸಿ ಮಾಡಿರುತ್ತಿದ್ದರು. ಸೌಟನ್ನು ನಳಿಗೆಯ ಕೊನೆಯವರೆಗೆ ತಳ್ಳಿ, ಮಗುಚಿ, ಮದ್ದು ಸುರಿದು ಹೊರಗೆಳೆಯಬೇಕು. ಮದ್ದು ಕಡಿಮೆಯಾದರೆ ಗುಂಡು ಶತ್ರುವಿನವರೆಗೆ ಹೋಗದು, ಹೆಚ್ಚಾದರೆ ನಳಿಗೆಯೇ ಒಡೆದು ಹಾರಿಸುವವನನ್ನೇ ತಿನ್ನುತ್ತದೆ. ಯುದ್ಧದ ನಡುವೆ ಬಿಡಿ ಮದ್ದಿನ ಪೀಪಾಯಿ ತೆರೆದಿಟ್ಟು ಸುರಿಯುವುದು ಇನ್ನೂ ಅಪಾಯ. ಹೀಗಾಗಿ 18ನೇ ಶತಮಾನದ ಹೊತ್ತಿಗೆ ಮದ್ದನ್ನು ಮೊದಲೇ ತೂಗಿ, ಫ್ಲಾನೆಲ್ ಬಟ್ಟೆಯ ಚೀಲದಲ್ಲಿ ಹೊಲಿದಿಡುವ ಪದ್ಧತಿ ಬಲವಾಯಿತು. ಫ್ಲಾನೆಲ್ ಯಾಕೆಂದರೆ ಅದು ಬಹುಪಾಲು ಉರಿದುಹೋಗುತ್ತದೆ, ನಳಿಗೆಯೊಳಗೆ ಕೆಂಡ ಉಳಿಸುವುದು ಕಡಿಮೆ. ಅಳತೆಯ ಜವಾಬ್ದಾರಿ ರಣರಂಗದಿಂದ ಉಗ್ರಾಣಕ್ಕೆ ಬಂದದ್ದು ಹೀಗೆ. ಮದ್ದಿನ ಮನೆಯನ್ನು ಬರೀ ಗೋದಾಮು ಎಂದುಕೊಂಡರೆ ಅದರ ಅರ್ಧ ಕೆಲಸವನ್ನೇ ಮರೆತಂತೆ ಎಂಬುದು ನನ್ನ ಅಭಿಪ್ರಾಯ.

ಸೌಟಿನ ಅಳತೆ ಇಂದಿಗೂ ಸತ್ತಿಲ್ಲ. ಅಮೆರಿಕದಲ್ಲಿ ಗುರಿಗಾರರು ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ, ಅದಕ್ಕೆಂದೇ ಚಿಕ್ಕ ದೊಡ್ಡ ಅಳತೆ ಚಮಚಗಳ ಕಟ್ಟು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಒಂದು ಸೇರು ರಾಗಿಗೂ ಒಂದು ಸೇರು ಅವಲಕ್ಕಿಗೂ ತೂಕ ಒಂದೇ ಅಲ್ಲವಲ್ಲ. ಈಗಿನ ಹೊಗೆರಹಿತ ಮದ್ದುಗಳಲ್ಲಿ ಒಂದು ಚಪ್ಪಟೆ ಚೂರು, ಇನ್ನೊಂದು ಸಣ್ಣ ಗುಂಡುಕಾಳು. ಒಂದಕ್ಕೆ ಸರಿಹೊಂದಿದ ಚಮಚ ಇನ್ನೊಂದಕ್ಕೆ ಪ್ರಾಣಾಪಾಯ. ಅದಕ್ಕೇ ಬಲ್ಲವರು ಚಮಚವನ್ನಷ್ಟೇ ನಂಬದೆ ತಕ್ಕಡಿಯಲ್ಲೂ ತೂಗುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಮಲೆನಾಡಿನ ಕೇಪಿನ ಕೋವಿಯಲ್ಲಂತೂ ಹಳೆಯ ಕ್ರಮ ಹಾಗೇ ಇತ್ತು: ನಳಿಗೆಯ ಬಾಯಿಂದ ಮದ್ದು, ಮೇಲೆ ನಾರು, ಆಮೇಲೆ ಚರೆ, ಕೊನೆಗೆ ಗಜದಿಂದ ಜಡಿಯುವುದು.

ಮದ್ದು ಕಾಯುವವರ ಕೈ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದರಿಯಾ ದೌಲತ್ತಿನ ಪಡುವಣ ಗೋಡೆಯಲ್ಲಿ ಕಣ್ಣಾರೆ ನೋಡಬಹುದು. 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಯುದ್ಧದ ಚಿತ್ರವದು. ಕೆಂಪಂಗಿಯ ಇಂಗ್ಲಿಷ್ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಅವರ ದಳಪತಿ ಕರ್ನಲ್ ಬೇಲಿ. ಅದೇ ಚೌಕದೊಳಗೆ ಮದ್ದಿನ ಬಂಡಿ ಸಿಡಿದಿದೆ. ಹೈದರ್, ಟಿಪ್ಪು ಸೇನೆ ಗೆದ್ದದ್ದರಲ್ಲಿ ಆ ಸಿಡಿತದ ಪಾಲು ದೊಡ್ಡದು. ಬಣ್ಣದ ಗದ್ದಲದಲ್ಲಿ ಆನೆ ಕುದುರೆಗಳ ಮೇಲೇ ಕಣ್ಣು ಹೋಗುತ್ತದೆ. ಸಿಡಿದ ಬಂಡಿಯನ್ನು ಹುಡುಕಿ ನೋಡಬೇಕು, ಇಡೀ ಗೋಡೆಯ ಕಥೆ ತಿರುಗುವುದು ಅಲ್ಲಿಂದ. ಸೆರೆಯಾದ ಬೇಲಿ 1782ರಲ್ಲಿ ಇದೇ ಪಟ್ಟಣದಲ್ಲಿ ತೀರಿಕೊಂಡ, ಗುಂಬಜ್ ಬಳಿ ಅವನ ಸ್ಮಾರಕವಿದೆ.

1799ರಲ್ಲಿ ಕೋಟೆ ಬಿದ್ದ ಮೇಲೆ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು, ಅವುಗಳ ಆಧಾರದ ಮೇಲೆ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. ನಮ್ಮ ಕಡೆ ಉಳಿದವು 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಸಿಕ್ಕವು, ಒಂದು ಸಾವಿರಕ್ಕೂ ಹೆಚ್ಚು. ಕೊಳವೆಗಳೊಳಗೆ ಇನ್ನೂ ಮದ್ದಿತ್ತು. ಅಂಥ ಒಂದು ರಾಕೆಟ್ಟಿನ ಮಾದರಿ, ತಾಮ್ರದ ಸೌಟಿನದೊಂದು, ಹೊಲಿದ ಮದ್ದಿನ ಚೀಲದ್ದೊಂದು ಶ್ರೀರಂಗಪಟ್ಟಣದ ಮದ್ದಿನ ಮನೆಯಲ್ಲಿ ಇಡಬೇಕು. ಸಾವಿರ ಟನ್ ಕಟ್ಟಡವನ್ನೇ ಸರಿಸಿದವರಿಗೆ ಇದೇನು ದೊಡ್ಡ ಕೆಲಸವಲ್ಲ.

ಅಳೆದ ಮದ್ದನ್ನು ಫಿರಂಗಿಗೆ ತುಂಬುವ ವಿದ್ಯೆಯನ್ನು ಜೀವಂತವಾಗಿ ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಈಗ ಅಲ್ಲಿಯದು. ಜಂಬೂಸವಾರಿಯ ದಿನ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡುವಾಗ, ರಾಷ್ಟ್ರಗೀತೆಯೊಂದಿಗೆ 21 ಕುಶಾಲತೋಪು ಸಿಡಿಯುತ್ತವೆ. ಏಳು ಫಿರಂಗಿ, ಒಂದೊಂದಕ್ಕೆ ಮೂರು ಸುತ್ತು. ಹಾರಿಸುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ದಸರೆಗೆ ವಾರಗಟ್ಟಲೆ ಮೊದಲೇ ಮದ್ದಿಲ್ಲದೆ ಒಣ ತಾಲೀಮು ನಡೆಸುತ್ತಾರೆ, ಆಮೇಲೆ ಆನೆ ಕುದುರೆಗಳನ್ನು ಎದುರು ನಿಲ್ಲಿಸಿ ನಿಜವಾಗಿಯೇ ಸಿಡಿಸಿ ಅವಕ್ಕೂ ಸದ್ದು ರೂಢಿ ಮಾಡಿಸುತ್ತಾರೆ. ಒಂದು ಸುತ್ತು ಹಾರಿದ ಕೂಡಲೇ ಉದ್ದ ಕೋಲಿನ ತುದಿಯ ಒದ್ದೆ ಬಟ್ಟೆಯಿಂದ ನಳಿಗೆಯೊಳಗಿನ ಕೆಂಡ ಆರಿಸಬೇಕು, ಮುಂದಿನ ಮದ್ದಿನ ಚೀಲ ಇಟ್ಟು ಜಡಿಯಬೇಕು, ಪಕ್ಕಕ್ಕೆ ಸರಿದು ಬೆಂಕಿ ಕೊಡಬೇಕು. ರಾಷ್ಟ್ರಗೀತೆ ಮುಗಿಯಲು 52 ಸೆಕೆಂಡು. ಅಷ್ಟರಲ್ಲಿ ಮೂರನೆಯ ಸುತ್ತೂ ಆಗಬೇಕು.